ಗಂಟೆಗೋಪುರದ ಹೆಜ್ಜೇನು ಸುಡುವ ಮುಂಚೆ

ನಮ್ಮ ಚರ್ಚಿನ ಸಭಾ ಸಮಿತಿಯ ಹಿರಿಯರಿಗೆ, ಮತ್ತು ಬೆಂಗಳೂರಿನಲ್ಲಿ ನೀರಿನ ಟ್ಯಾಂಕಿನ ಕೆಳಗೋ ಏಳನೇ ಮಹಡಿಯ ಸಜ್ಜೆಯಲ್ಲೋ ಹೆಜ್ಜೇನು ಕಟ್ಟಿಸಿಕೊಂಡು ಏನು ಮಾಡೋದು ಅಂತ ಕೂತಿರುವ ಎಲ್ಲರಿಗೆ,

ವಂದನೆಗಳು.

ಹೋದ ಭಾನುವಾರ ಎರಡನೇ ಆರಾಧನೆ ಮುಗಿಸಿ ಗಾಡಿ ತೆಗೆಯಲು ಹೋಗುವಾಗ ನೋಟಿಸ್ ಬೋರ್ಡ್ ಕಣ್ಣಿಗೆ ಬಿತ್ತು. ಗಂಟೆಗೋಪುರದಲ್ಲಿರುವ ಹೆಜ್ಜೇನನ್ನು ವಿ.ಬಿ.ಎಸ್. (ಮಕ್ಕಳ ಬೇಸಿಗೆ ರಜೆಯ ಬೈಬಲ್ ಶಾಲೆ) ಶುರುವಾಗುವ ಮುಂಚೆ ತೆಗೆಸಬೇಕು, ಅದಕ್ಕೆ ಪೆಸ್ಟ್ ಕಂಟ್ರೋಲ್‌ನವರಿಂದ ಕೊಟೇಶನ್ ಕೇಳಿದ್ದೇವೆ ಅಂತ ಒಂದು ಚೀಟಿ. ಕಾರಣವನ್ನೂ ಬರೆದಿದ್ದೀರಿ: 'ಸುವಾರ್ತಾ ತಂಡದ ಮೇಲೆ ನಡೆದ ದಾಳಿಯ ಹಿನ್ನೆಲೆಯಲ್ಲಿ'.

ಹಳ್ಳಿಗೆ ಹೋಗಿದ್ದಾಗ ಗುಡ್ಡದ ಮೇಲೆ ಹೆಜ್ಜೇನು ಎದ್ದು ಮೈಮೇಲೆ ಬಿದ್ದ ಆ ತಂಡದಲ್ಲಿ ನಾನಿದ್ದೆ. ಆ ದಿನ ಬಂಡೆ ಮೇಲೆ ಬೆಂಕಿ ಹಚ್ಚಿದವನೂ ನಾನೇ. ಇದು ನಿಮ್ಮಲ್ಲಿ ನಾಲ್ಕೈದು ಜನಕ್ಕೆ ಗೊತ್ತು. ಆಮೇಲೆ ಆರಾಧನೆಯಲ್ಲಿ ಎದ್ದು ಸಾಕ್ಷಿ ಹೇಳುವಾಗ ಯಾರೂ ಆ ಮಾತು ಎತ್ತಲಿಲ್ಲ. ನನ್ನ ಮೇಲಿನ ಪ್ರೀತಿಗೆ ಬಿಟ್ಟಿದ್ದೀರಿ, ಗೊತ್ತು. ಆದರೆ ನನ್ನ ತಪ್ಪನ್ನು ಗೋಪುರದ ಹುಳಗಳ ಲೆಕ್ಕಕ್ಕೆ ಬರೆದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ಬಹಿರಂಗವಾಗಿ ಬರೆಯಲು ಇನ್ನೊಂದು ಕಾರಣವೂ ಇದೆ. ಅದೇ ವಾರ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲೂ ಇದೇ ಚರ್ಚೆ, ತಂಗಿಯ ಮಕ್ಕಳ ಶಾಲೆಯಲ್ಲೂ ಇದೇ ಚರ್ಚೆ. ಬೇಸಿಗೆ ಬಂದರೆ ಬೆಂಗಳೂರಿನಲ್ಲಿ ಇದು ಮನೆಮನೆಯ ಮಾತು.

ಮೊದಲು ಆ ದಿನ ನಡೆದದ್ದನ್ನು ನಡೆದ ಹಾಗೇ ಹೇಳಿಬಿಡುತ್ತೇನೆ.

ಮಾರ್ಚ್ ತಿಂಗಳ ಎರಡನೇ ಶನಿವಾರ. ಬ್ಯಾಂಕಿಗೆ ರಜೆ, ಹಾಗಾಗಿ ನಾನೂ ಹೊರಟೆ. ಒಟ್ಟು ಹತ್ತೊಂಬತ್ತು ಜನ, ಅದರಲ್ಲಿ ನಾಲ್ವರು ಸಂಡೇ ಸ್ಕೂಲ್ ಮಕ್ಕಳು. ಒಂದು ಟಿ.ಟಿ. (ಟೆಂಪೋ ಟ್ರಾವೆಲರ್), ಒಂದು ಕಾರು. ಸುಮನಹಳ್ಳಿ, ಸುಂಕದಕಟ್ಟೆ, ತಾವರೆಕೆರೆ ದಾಟಿ ಮಾಗಡಿ ಕಡೆಯ ಒಂದು ಹಳ್ಳಿ. ಸುವಾರ್ತಾ ತಂಡ, ಅಂದರೆ ಯೇಸುವಿನ ಮಾತು ಸಾರುವ ತಂಡ, ಅಂದ ಕೂಡಲೇ ಕೆಲವರಿಗೆ ಏನೇನೋ ಅನಿಸುತ್ತದೆ. ಆ ದಿನ ನಾವು ಹಂಚಿದ್ದು ಬಿ.ಪಿ. ಮಾತ್ರೆ ಮತ್ತು ಓದುವ ಕನ್ನಡಕ. ಸ್ಕೂಲ್ ಜಗಲಿಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ನೂರು ಚಿಲ್ಲರೆ ಜನರ ಬಿ.ಪಿ., ಶುಗರ್ ನೋಡಿದೆವು. ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದ ಅಜ್ಜಿಯೊಬ್ಬರು ಸೂಜಿಯನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು. ಊರವರೇ ಮುದ್ದೆ, ಹುರುಳಿಕಾಳಿನ ಬಸ್ಸಾರು ಹಾಕಿದರು.

ಅಷ್ಟಕ್ಕೆ ವಾಪಸ್ ಬಂದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ.

ಹಳ್ಳಿಯ ಹಿಂದೆ ಒಂದು ಬೋಳು ಬಂಡೆಯ ಗುಡ್ಡ. ಶ್ರಮಕಾಲ (ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳು) ಅಲ್ವಾ, ಮೇಲೆ ಹೋಗಿ ಪ್ರಾರ್ಥನೆ ಮಾಡಿ ಹೊರಡೋಣ ಅಂತ ಯಾರೋ ಅಂದರು. ಎಲ್ಲರೂ ಹೂಂ ಅಂದೆವು. ಅರ್ಧ ಗಂಟೆ ಹತ್ತಿದ ಮೇಲೆ ಒಂದು ದೊಡ್ಡ ಬಂಡೆ ಮುಂದಕ್ಕೆ ಚಾಚಿಕೊಂಡು ನೆರಳು ಮಾಡಿತ್ತು. ಬಿಸಿಲಿಗೆ ಬೆಂದವರೆಲ್ಲ ಅದರ ಕೆಳಗೆ ಕೂತೆವು. ಗಾಳಿ ಬೀಸುತ್ತಿತ್ತು. ಎಂಥಾ ಜಾಗ ಅಂತ ಫೋಟೋ ತೆಗೆದೆವು.

ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ನಮ್ಮ ತಲೆಯಿಂದ ಮೂವತ್ತು ನಲವತ್ತು ಅಡಿ ಮೇಲೆ, ಚಾಚಿದ ಬಂಡೆಯ ಅಡಿಯಲ್ಲಿ, ಟಾರು ಬಳಿದ ಹಾಗೆ ಕಪ್ಪು ಕಪ್ಪು ಅರ್ಧಚಂದ್ರಗಳು. ಏಳು. ಒಂದೊಂದೂ ಮೊರಕ್ಕಿಂತ ದೊಡ್ಡದು. ಮಕ್ಕಳಲ್ಲಿ ಚಿಕ್ಕವಳು ಕೇಳಿದಳು: "ಅಂಕಲ್, ಅದು ಯಾಕೆ ಅಲ್ಲಾಡ್ತಿದೆ?" ನಾನು ತಲೆ ಎತ್ತಿ ನೋಡಿದೆ. ಕಪ್ಪು ಮೈಮೇಲೆ ಅಲೆಯೊಂದು ಹರಿದು ಹೋಯಿತು, ಭತ್ತದ ಗದ್ದೆ ಮೇಲೆ ಗಾಳಿ ಹೋದ ಹಾಗೆ. "ಬಿಸಿಲು ಕಣಮ್ಮ, ಹಾಗೆ ಕಾಣುತ್ತೆ" ಅಂದೆ.

ಹೆಜ್ಜೇನು ಕೊಡುವ ಮೊದಲ ಎಚ್ಚರಿಕೆಯೇ ಆ ಅಲೆ. ಸಾವಿರಾರು ಹುಳ ಒಂದರ ಹಿಂದೆ ಒಂದು ಹಿಂಭಾಗ ಎತ್ತಿ ಇಳಿಸುತ್ತವೆ. ಕಣಜದ ಹುಳದಂಥ ಶತ್ರು ಹತ್ತಿರ ಬಂದರೆ ಹೆದರಿಸಲು ಹೀಗೆ ಮಾಡುತ್ತವಂತೆ. ನಾವು ಬಂದಿರೋದು ಅವಕ್ಕೆ ಗೊತ್ತಾಗಿತ್ತು. ಅವು ಇರೋದು ನಮಗೆ ಗೊತ್ತಾಗಲಿಲ್ಲ, ಅಷ್ಟೇ.

ಫ್ಲಾಸ್ಕಿನ ಟೀ ಖಾಲಿಯಾಗಿತ್ತು. ಮೂರು ಕಲ್ಲಿಟ್ಟು ಟೀ ಕಾಯಿಸೋದರಲ್ಲಿ ನನಗೆ ಸ್ವಲ್ಪ ಜಂಬ. ಕಾಲೇಜಿನ ದಿನಗಳಿಂದ ಇರುವ ಜಂಬ. ಪಾತ್ರೆ, ಪುಡಿ, ಸಕ್ಕರೆ ಎಲ್ಲ ಬ್ಯಾಗಿನಲ್ಲೇ ಇತ್ತು. ನೀಲಗಿರಿಯ ಒಣ ಎಲೆ ಗುಡ್ಡೆ ಹಾಕಿ ಕಡ್ಡಿ ಗೀರಿದೆ. ಕಡ್ಡಿಪುಳ್ಳೆ ಅರ್ಧ ಹಸಿ ಇತ್ತು. ಬಿಳಿ ಹೊಗೆ ದಟ್ಟವಾಗಿ ಎದ್ದು ಬಂಡೆಗೆ ಒರಗಿಕೊಂಡು ನೆಟ್ಟಗೆ ಮೇಲೆ ಹೋಯಿತು, ಚಿಮಣಿಯಲ್ಲಿ ಹೋದ ಹಾಗೆ. ಚಾಚಿದ ಬಂಡೆಯ ಕೆಳಗೆ ಹೊಗೆ ಹೋಗಲು ಬೇರೆ ದಾರಿಯೇ ಇರಲಿಲ್ಲ.

ನೀರು ಬಿಸಿಯಾಗುವಷ್ಟು ಹೊತ್ತೂ ಸಿಗಲಿಲ್ಲ. ಕೀಬೋರ್ಡ್ ನುಡಿಸುವ ನಮ್ಮ ಹುಡುಗ "ಹಾ" ಅಂತ ಕಿವಿಗೆ ಹೊಡೆದುಕೊಂಡ. ಹುಳ ಅಲ್ಲೇ ಜಜ್ಜಿಹೋಯಿತು. ಕೂಡಲೇ ಬಾಳೆಹಣ್ಣಿನ ವಾಸನೆ ಬಂತು. ಬ್ಯಾಗಿನಲ್ಲಿ ಏಲಕ್ಕಿ ಬಾಳೆ ಇತ್ತು, ಅದೇ ಇರಬೇಕು ಅಂದುಕೊಂಡೆ. ಆಮೇಲೆ ತಿಳಿದದ್ದು: ಜೇನು ಕುಟುಕಿದಾಗ ಕೊಂಡಿಯ ಹತ್ತಿರ ಒಂದು ರಾಸಾಯನಿಕ ಬಿಡುಗಡೆಯಾಗುತ್ತದೆ, ಅದರ ವಾಸನೆ ಮಾಗಿದ ಬಾಳೆಹಣ್ಣಿನ ಹಾಗೇ ಇರುತ್ತದೆ. ಉಳಿದ ಹುಳಗಳಿಗೆ ಅದು ಕೂಗು ಹಾಕಿ ಕರೆದ ಹಾಗೆ. ಕುಟುಕಿದ ಜಾಗಕ್ಕೇ ಇನ್ನಷ್ಟು ಬಂದು ಕುಟುಕುತ್ತವೆ.

ಸದ್ದು ಬಂದದ್ದು ಆಮೇಲೆ. ದೂರದಲ್ಲಿ ಬೋರ್‌ವೆಲ್ ಕೊರೆಯೋ ಸದ್ದು ಇದ್ದಕ್ಕಿದ್ದಂತೆ ತಲೆ ಮೇಲೇ ಬಂದ ಹಾಗೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಐದಾರು ಜನ ಅಲ್ಲೇ ಮಂಡಿಯೂರಿ, ಕೈ ಕೈ ಹಿಡಿದು, ಕಣ್ಣು ಮುಚ್ಚಿ ಜೋರಾಗಿ ಪ್ರಾರ್ಥಿಸಲು ಶುರು ಮಾಡಿದರು. ಇನ್ನು ಕೆಲವರು ಟವೆಲ್ ಬೀಸತೊಡಗಿದರು. ನಾನು ಏನು ಮಾಡಿದೆ ಗೊತ್ತಾ? ಬೆಂಕಿ ಆರಿಸಲು ಪಾತ್ರೆಯ ನೀರು ಸುರಿದೆ. ಹೊಗೆ ಇಮ್ಮಡಿಯಾಯಿತು.

ನಮ್ಮನ್ನು ಎಚ್ಚರಿಸಿದ್ದು ಕೆಳಗಿನಿಂದ ಬಂದ ಒಂದು ಬೈಗುಳ. ಕುರಿ ಮೇಯಿಸುತ್ತಿದ್ದ ಯಜಮಾನರೊಬ್ಬರು ಕಿರುಚುತ್ತಿದ್ದರು: "ಯಾವನಲಾ ಅವ್ನು ಬೆಂಕಿ ಹಾಕ್ದೋನು! ಓಡ್ರಿ, ಕೆಳೀಕೆ ಓಡ್ರಿ! ಕೈ ಬೀಸ್‌ಬ್ಯಾಡ್ರಿ, ಮಕ ಮುಚ್ಕಂಡು ಓಡ್ರಿ!"

ನಮ್ಮ ಪಾಸ್ಟರ್ ಅಯ್ಯನವರು ಆ ಕೂಗು ಕೇಳಿದ್ದೇ ಮಂಡಿಯೂರಿದ್ದವರ ರಟ್ಟೆ ಹಿಡಿದು ಎಬ್ಬಿಸಿದರು. "ಪ್ರಾರ್ಥನೆ ಓಡ್ತಾ ಮಾಡಿ" ಅಂದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಅತಿ ಚಿಕ್ಕ ಪ್ರಸಂಗ ಅದು.

ಹತ್ತಲು ಅರ್ಧ ಗಂಟೆ ಹಿಡಿದ ಗುಡ್ಡವನ್ನು ಎಷ್ಟು ನಿಮಿಷದಲ್ಲಿ ಇಳಿದೆವೋ ಗೊತ್ತಿಲ್ಲ. ಕೆಲವು ಕಡೆ ಇಳಿದದ್ದಲ್ಲ, ಜಾರಿದ್ದು. ನನ್ನ ಪ್ಯಾಂಟಿನ ಹಿಂಭಾಗ ಹರಿದು ಲಂಟಾನ ಪೊದೆಯಲ್ಲಿ ಸಿಕ್ಕಿಕೊಂಡಿತು. ಆಗ ಹಿಂದಿರುಗಿ ನೋಡಿದೆ. ಎರಡು ಮಕ್ಕಳು ಬಂಡೆಯ ಮಧ್ಯದಲ್ಲೇ ನಿಂತುಬಿಟ್ಟಿದ್ದರು, ಕಣ್ಣು ಮುಚ್ಚಿಕೊಂಡು ಅಳುತ್ತಾ. ನಾವೆಲ್ಲ ಕೆಳಗೆ ಓಡುತ್ತಿದ್ದರೆ ಒಬ್ಬರು ಮೇಲೆ ಹೋಗುತ್ತಿದ್ದರು. ಕುರಿಯ ಯಜಮಾನರು. ತಲೆಯಿಂದ ಮೊಣಕಾಲಿನವರೆಗೆ ಕರಿ ಕಂಬಳಿ ಹೊದ್ದಿದ್ದರು. ಮಕ್ಕಳ ಹತ್ತಿರ ಹೋದವರೇ ಕಂಬಳಿ ಬಿಚ್ಚಿ ಇಬ್ಬರನ್ನೂ ಅದರೊಳಗೆ ಸುತ್ತಿ, ಒಂದು ಮೂಟೆಯ ಹಾಗೆ ಎತ್ತಿಕೊಂಡು ಇಳಿದರು. ಅವರ ಮೈಮೇಲೆ ಆಗ ಇದ್ದದ್ದು ಬನಿಯನ್ನು, ಚಡ್ಡಿ.

ಟಿ.ಟಿ. ಡ್ರೈವರ್ ಜಾಣ. ಕಿಟಕಿಗಳನ್ನೆಲ್ಲ ಏರಿಸಿ ಇಂಜಿನ್ ಶುರು ಮಾಡಿಕೊಂಡಿದ್ದ. ಎಲ್ಲರನ್ನೂ ಒಳಗೆ ತುಂಬಿಕೊಂಡು ಬಾಗಿಲು ಹಾಕಿದ. ನಮ್ಮ ಜೊತೆ ಒಂದಷ್ಟು ಹುಳವೂ ಒಳಗೆ ಬಂದಿದ್ದವು. ಹಾಡಿನ ಪುಸ್ತಕಗಳಿಂದ ಬಡಿದೆವು. ಆ ಪುಸ್ತಕಗಳು ಈಗ ಮತ್ತೆ ಪೀಠದ ಪಕ್ಕದ ಬೀರುವಿನಲ್ಲಿವೆ. ಕೆಲವು ಪುಟಗಳಲ್ಲಿ ಕಲೆ ಕಂಡರೆ ಆಶ್ಚರ್ಯ ಪಡಬೇಡಿ.

ನಿಜವಾದ ಗಂಡಾಂತರ ಬಂದದ್ದು ಬಾಗಿಲು ಹಾಕಿದ ಮೇಲೆ.

ಖಜಾಂಚಿ ಅಂಕಲ್‌ಗೆ ಕುಟುಕಿದ್ದು ಆರೇ ಆರು ಕಡೆ. ಕೀಬೋರ್ಡ್ ಹುಡುಗನಿಗೆ ಅರವತ್ತಕ್ಕೂ ಜಾಸ್ತಿ. ನಾವೆಲ್ಲ ಹುಡುಗನ ಸುತ್ತ ಮುಗಿಬಿದ್ದೆವು. ಅಂಕಲ್ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತಿದ್ದರು. ಅವರ ದನಿ ಒಡೆದಿದ್ದನ್ನು ಮೊದಲು ಗಮನಿಸಿದ್ದು ನಮ್ಮ ನರ್ಸ್ ಅಕ್ಕ. ತುಟಿ ಊದಿತ್ತು, ಕತ್ತಿನ ಮೇಲೆ ಕೆಂಪು ದದ್ದು, "ಹೊಟ್ಟೆ ಹಿಂಡ್ತಿದೆ" ಅಂದರು. ಬಿ.ಪಿ. ನೋಡಿದರೆ ಮೇಲಿನದು ಎಪ್ಪತ್ತು. ಅಕ್ಕ ಎರಡನೇ ಮಾತಾಡಲಿಲ್ಲ. ಶಿಬಿರದ ಡಬ್ಬಿಯಿಂದ, ಜೀವಕ್ಕೆ ಅಪಾಯವಾಗುವ ಇಂಥ ಅಲರ್ಜಿಗೆ ಕೊಡುವ ಅಡ್ರಿನಲಿನ್ ತೆಗೆದು, ಅರ್ಧ ಮಿಲಿ ಎಳೆದು, ಪ್ಯಾಂಟಿನ ಮೇಲಿಂದಲೇ ತೊಡೆಯ ಹೊರಭಾಗಕ್ಕೆ ಚುಚ್ಚಿದರು. ಸೀಟಿನ ಮೇಲೆ ಮಲಗಿಸಿ ಕಾಲು ಮೇಲೆತ್ತಿಸಿದರು. ಐದು ನಿಮಿಷ ಬಿಟ್ಟು ಇನ್ನೊಂದು ಸಲ ಕೊಟ್ಟರು. ಆ ಐದು ನಿಮಿಷ ಟಿ.ಟಿ.ಯಲ್ಲಿ ಕೇಳುತ್ತಿದ್ದದ್ದು ಇಂಜಿನ್ ಸದ್ದು ಮತ್ತು ಅಂಕಲ್ ಉಸಿರು ಎಳೆಯುವ ಸದ್ದು. ಎರಡನೆಯದು ಎಲ್ಲಿ ನಿಂತುಹೋಗುತ್ತೋ ಅಂತ ಎಲ್ಲರೂ ಅದನ್ನೇ ಕೇಳುತ್ತಿದ್ದೆವು.

ಆಮೇಲೆ ಅವರು ಕಣ್ಣು ಬಿಟ್ಟು ಹೇಳಿದ ಮೊದಲ ಮಾತು: "ನನ್ನ ಚಪ್ಪಲಿ ಮೇಲೇ ಉಳೀತು."

ಪ್ರತಿ ಸಲ ಶಿಬಿರಕ್ಕೆ ಹೊರಡುವಾಗಲೂ ಅಕ್ಕ ಆ ಡಬ್ಬಿ ಇಟ್ಟುಕೊಳ್ಳುತ್ತಾರೆ. ಯಾರಿಗಾದರೂ ಔಷಧಿ ಒಗ್ಗದೆ ಹೋದರೆ ಅಂತ. ಪ್ರತಿ ಸಲವೂ ನಾವು ಅವರನ್ನು ರೇಗಿಸುತ್ತಿದ್ದೆವು. ಐ.ಸಿ.ಯು. ಹೊತ್ಕೊಂಡು ಬಂದ್ರಾ ಅಕ್ಕ, ಅಂತ. ಡಬ್ಬಿ ಭಾರ ಅಂತ ಒಂದು ಸಲ ಇಳಿಸಿಯೂ ಇದ್ದೆವು. ಈ ಸಲ ಇಳಿಸಿದ್ದರೆ ನಮ್ಮ ಸಮಿತಿಗೆ ಬೇರೆ ಖಜಾಂಚಿಯನ್ನು ಆರಿಸಬೇಕಾಗಿತ್ತು.

ತಾಲ್ಲೂಕು ಆಸ್ಪತ್ರೆಯಲ್ಲಿ ಇಬ್ಬರನ್ನೂ ಒಳಗೆ ಸೇರಿಸಿಕೊಂಡರು. ಅಂಕಲ್‌ರನ್ನು ಇರಿಸಿಕೊಂಡದ್ದು ಇಂಥ ಅಲರ್ಜಿ ಇಳಿದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಏರಬಹುದು ಅಂತ. ಹುಡುಗನದು ಬೇರೆ ಕಥೆ. ಅವನಿಗೆ ಅಲರ್ಜಿ ಇರಲಿಲ್ಲ, ಆರಾಮಾಗಿ ಜೋಕ್ ಹೊಡೆಯುತ್ತಿದ್ದ. ಆದರೆ ಅಷ್ಟು ವಿಷ ಒಟ್ಟಿಗೆ ಮೈಗೆ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದಂತೆ. ಎರಡು ದಿನ ರಕ್ತ ಪರೀಕ್ಷೆ ಮಾಡಿ, ಮೂತ್ರದ ಬಣ್ಣ ನೋಡಿ, ಸರಿಯಿದೆ ಅಂದ ಮೇಲೇ ಕಳಿಸಿದರು. ಜಾಸ್ತಿ ಕಡೆ ಕುಟುಕಿಸಿಕೊಂಡವರು ನೋವು ಇಳಿಯಿತು ಅಂತ ಸೀದಾ ಮನೆಗೆ ಹೋಗಬಾರದು ಅನ್ನೋದು ನನಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಕೃತಜ್ಞತಾ ಆರಾಧನೆ ಇಟ್ಟಿರಿ. ಇಡಬೇಕಾದದ್ದೇ. ನಾನೂ ಅತ್ತೆ. ಆದರೆ ಒಬ್ಬರಾದ ಮೇಲೆ ಒಬ್ಬರು ಎದ್ದು ಸಾಕ್ಷಿ ಹೇಳುವಾಗ ಕಥೆ ಬೇರೆ ಕಡೆ ಹೊರಳಿತು. ಸುವಾರ್ತೆಯನ್ನು ತಡೆಯಲು ಸೈತಾನ ಜೇನು ಕಳಿಸಿದ ಅಂದರು ಒಬ್ಬರು. 118ನೇ ಕೀರ್ತನೆಯಲ್ಲಿ ಶತ್ರುಗಳು ಜೇನ್ನೊಣಗಳ ಹಾಗೆ ಸುತ್ತಿಕೊಂಡರು ಅಂತ ಬರುತ್ತದಲ್ಲ, ಅದನ್ನು ಓದಿದರು ಇನ್ನೊಬ್ಬರು. ಅಲ್ಲಿ ಶತ್ರುಗಳನ್ನು ಜೇನಿಗೆ ಹೋಲಿಸಿದೆ. ನಾವು ಜೇನನ್ನೇ ಶತ್ರು ಮಾಡಿಕೊಂಡು ಮನೆಗೆ ಬಂದೆವು. ದೇವರು ಉಳಿಸಿದ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಉಳಿಸಿದ್ದು ಯಾವುದರಿಂದ ಅಂತ ಕೇಳಿದರೆ ನನ್ನ ಕಡ್ಡಿಪೆಟ್ಟಿಗೆಯಿಂದ ಅನ್ನಬೇಕಾಗುತ್ತದೆ. ಆ ವಾರ ಅಷ್ಟು ಹೇಳುವ ಧೈರ್ಯ ನನಗೆ ಬರಲಿಲ್ಲ.

ಅದರ ಮರುವಾರ ಯಾರೋ ತಲೆ ಎತ್ತಿ ಗೋಪುರ ನೋಡಿದರು.

ಗೋಪುರದ ಹೆಜ್ಜೇನು ಹೊಸದೇನಲ್ಲ. ನಾನು ಸಂಡೇ ಸ್ಕೂಲಿನಲ್ಲಿದ್ದಾಗಲೂ ಇತ್ತು. ಕ್ರಿಸ್‌ಮಸ್ ಆಸುಪಾಸಿನಲ್ಲಿ ಬರುತ್ತವೆ, ಮಳೆ ಹಿಡಿಯುವ ಹೊತ್ತಿಗೆ ಹೋಗುತ್ತವೆ. ಅದೇ ಕಮಾನು, ಅದೇ ಮೂಲೆ. ಇಷ್ಟು ವರ್ಷದಲ್ಲಿ ಅವು ಎದ್ದು ಜನರ ಮೇಲೆ ಬಂದದ್ದು ಒಂದೇ ಸಲ ನನಗೆ ನೆನಪಿದೆ. ಒಂದು ಮದುವೆಯಲ್ಲಿ ಗೇಟಿನ ಹತ್ತಿರ ಸರಪಟಾಕಿ ಹಚ್ಚಿದ್ದರು. ಆಗಲೂ ಬೈಸಿಕೊಂಡದ್ದು ಜೇನೇ.

ಈ ಒಂದು ತಿಂಗಳು ಜೇನಿನ ಬಗ್ಗೆ ಗೊತ್ತಿದ್ದವರನ್ನೆಲ್ಲ ಹಿಡಿದು ಕೇಳಿದ್ದೇನೆ. ನಮ್ಮ ಕಡೆ ಜೇನು ಒಂದೇ ಥರ ಇಲ್ಲ. ಪೊಟರೆಯಲ್ಲಿ ಇರುವ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಇದೆ. ಬೇಲಿಯ ಕಡ್ಡಿಗೆ ಅಂಗೈ ಅಗಲದ ಗೂಡು ಕಟ್ಟುವ ಕೋಲುಜೇನು ಇದೆ. ಕುಟುಕಲು ಬಾರದ ಮುಜಂಟಿ ಇದೆ. ಹೆಜ್ಜೇನು ಇವಕ್ಕೆಲ್ಲ ದೊಡ್ಡಣ್ಣ. ಒಂದೇ ಒಂದು ದೊಡ್ಡ ಎರಿ, ಅದೂ ಬಯಲಿನಲ್ಲಿ. ಗೋಡೆ ಇಲ್ಲ, ಬಾಗಿಲು ಇಲ್ಲ. ಹುಳಗಳೇ ಪದರ ಪದರವಾಗಿ ಒಂದನ್ನೊಂದು ಹಿಡಿದುಕೊಂಡು ಎರಿಗೆ ಹೊದಿಕೆ ಆಗುತ್ತವೆ. ಮನೆಗೆ ಬಾಗಿಲೇ ಇಲ್ಲದವರು ಸ್ವಲ್ಪ ಮುಂಗೋಪಿಗಳಾಗಿರೋದು ಸಹಜ. ಅವಕ್ಕೆ ಬೇಕಾದದ್ದು ಎತ್ತರ, ಮಳೆ ಬೀಳದ ಒಂದು ಮಾಡು. ಸಾವನದುರ್ಗ, ಶಿವಗಂಗೆ, ರಾಮನಗರದ ಕಡೆಯ ಬಂಡೆಗಳು ಅಂಥ ಜಾಗಗಳು. ನಾವು ಬೆಂಗಳೂರಿನ ತುಂಬ ಇಪ್ಪತ್ತು ಮಹಡಿಯ ಬಂಡೆಗಳನ್ನು ನಿಲ್ಲಿಸಿ, ಪ್ರತಿ ಮಹಡಿಗೂ ಸಜ್ಜೆ ಕೊಟ್ಟಿದ್ದೇವೆ. ಕೆಳಗೆ ರಸ್ತೆ ಪಕ್ಕ ಹೊಂಗೆ, ಮಳೆಮರ, ಟಬೂಬಿಯ ಹೂ ಬಿಡುತ್ತವೆ. ಅವು ಬಾರದೆ ಇದ್ದರೆ ಆಶ್ಚರ್ಯ.

ಹೂ ಮುಗಿದರೆ ಅವೇ ಗಂಟು ಮೂಟೆ ಕಟ್ಟುತ್ತವೆ. ಇದೇ ನಾನು ಒತ್ತಿ ಹೇಳಬೇಕಾದ ಮಾತು. ಹೆಜ್ಜೇನು ವಲಸೆ ಹೋಗುವ ಜೇನು. ಎರಿ ಬಿಟ್ಟು ಹೋಗುತ್ತವೆ, ಮುಂದಿನ ಹೂವಿನ ಕಾಲಕ್ಕೆ ಎಷ್ಟೋ ಸಲ ಅದೇ ಜಾಗಕ್ಕೆ ವಾಪಸ್ ಬರುತ್ತವೆ. ನೀವು ಕೊಟೇಶನ್ ಕೇಳಿರುವ ಕೆಲಸವನ್ನು ಮಳೆ ಬಿಟ್ಟಿಯಾಗಿ ಮಾಡಿಕೊಡುತ್ತದೆ, ಎರಡು ತಿಂಗಳು ಕಾದರೆ.

ಕೊಟೇಶನ್‌ನವರು ಹೇಗೆ ತೆಗೆಯುತ್ತಾರೆ ಅಂತ ಯಾರಾದರೂ ಕೇಳಿದಿರಾ? ಸಾಮಾನ್ಯವಾಗಿ ಎರಡು ದಾರಿ. ವಿಷ ಹೊಡೆಯೋದು, ಇಲ್ಲ ರಾತ್ರಿ ಪಂಜು ಹಿಡಿದು ಸುಡೋದು. ವಿಷ ಹೊಡೆದರೆ ಎಲ್ಲವೂ ಒಟ್ಟಿಗೆ ಸಾಯುವುದಿಲ್ಲ. ಅರೆಜೀವದ ಹುಳಗಳು ಅಂಗಳದ ತುಂಬ ಬೀಳುತ್ತವೆ, ಬರಿಗಾಲಿನ ಮಕ್ಕಳು ತುಳಿಯುವುದು ಅವನ್ನೇ. ಹಾರಿದವು ಕೈಗೆ ಸಿಕ್ಕವರ ಮೇಲೆ ಬೀಳುತ್ತವೆ. ರಾತ್ರಿ ಸುಟ್ಟರೆ ತಪ್ಪಿಸಿಕೊಂಡವು ಬೆಳಕಿದ್ದ ಕಡೆ ಹೋಗುತ್ತವೆ. ನಮ್ಮ ಎದುರು ಮನೆಯ ಟ್ಯೂಬ್‌ಲೈಟಿಗೆ, ಪಿ.ಜಿ. ಹುಡುಗಿಯರ ಬಾಲ್ಕನಿಗೆ. ಹೆಜ್ಜೇನಿಗೆ ರಾತ್ರಿ ಕಣ್ಣು ಕಾಣುವುದಿಲ್ಲ ಅಂತ ತಿಳಿಯಬೇಡಿ, ಬೆಳದಿಂಗಳಲ್ಲಿ ಹೂವಿಗೆ ಹೋಗಿ ಬರುವ ಜೇನು ಅದು. ವಿಷ ಹೊಡೆದ ಎರಿಯ ತುಪ್ಪವನ್ನು ಬಾಟಲಿಗೆ ತುಂಬಿ ರಸ್ತೆ ಬದಿ ಮಾರಿದರೆ ಕೊಳ್ಳುವವರು ನಾವೇ. ಹೋದ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಬಾಟಲಿ ಜೇನಿಗೆ ಎಷ್ಟು ಪೈಪೋಟಿ ನಡೀತು ಅಂತ ನೆನಪಿದೆಯಲ್ಲ. ಇಷ್ಟೆಲ್ಲ ಆದ ಮೇಲೂ ಗೋಡೆಗೆ ಮೇಣದ ವಾಸನೆ ಉಳಿಯುತ್ತದೆ, ಇನ್ನೊಂದು ಹಿಂಡು ಬಂದು ಅಲ್ಲೇ ಕೂರುತ್ತದೆ. ಮತ್ತೆ ಕೊಟೇಶನ್.

ಮಕ್ಕಳ ಬಗ್ಗೆ ನಿಮಗಿರುವ ಭಯ ಸುಳ್ಳಲ್ಲ. ಗೋಪುರದ ಕೆಳಗಿನ ಅಂಗಳದಲ್ಲೇ ವಿ.ಬಿ.ಎಸ್. ಮಕ್ಕಳು ಆಡುತ್ತಾರೆ. ಬಂಡೆ ಮೇಲೆ ನಿಂತು ಅಳುತ್ತಿದ್ದ ಎರಡು ಮಕ್ಕಳು ನನ್ನ ಕನಸಿನಲ್ಲಿ ಇನ್ನೂ ಬರುತ್ತವೆ. ಜೇನು ಮುದ್ದಾದ ಹುಳ, ಏನೂ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. ಏನು ಮಾಡುತ್ತವೆ ಅಂತ ನೋಡಿದವನು ನಾನು. ಅದಕ್ಕೇ ಈ ವರ್ಷ ವಿ.ಬಿ.ಎಸ್. ಅನ್ನು ಹಿಂದಿನ ಹಾಲ್‌ಗೆ ಸಾಗಿಸೋಣ ಅನ್ನುತ್ತೇನೆ. ಗೋಪುರದ ಸುತ್ತ ಹಗ್ಗ ಕಟ್ಟೋಣ. ಮಳೆ ಬರುವವರೆಗೆ ದೊಡ್ಡ ಗಂಟೆ ಬಾರಿಸುವುದು ಬೇಡ, ಆರಾಧನೆಯ ಹೊತ್ತು ಎಲ್ಲರ ಫೋನಿನಲ್ಲೂ ಇದೆ. ಗೋಪುರಕ್ಕೆ ಬಿಡುವ ಫೋಕಸ್ ಲೈಟ್ ರಾತ್ರಿ ಆರಿಸೋಣ. ಮದುವೆ ಇಟ್ಟುಕೊಂಡವರಿಗೆ ಪಟಾಕಿ ಬೇಡ, ಡ್ರೋನ್ ಬೇಡ ಅಂತ ಬುಕಿಂಗ್ ರಸೀದಿಯಲ್ಲೇ ಬರೆದುಬಿಡೋಣ. ಕೆಳಗೆ ಕಸ, ಎಲೆ ಸುಡುವ ನಮ್ಮ ತೋಟದ ತಾತನಿಗೆ ನಾನೇ ಹೇಳುತ್ತೇನೆ, ನನ್ನ ಮಾತು ಕೇಳುತ್ತಾರೆ.

ಹುಳ ಹೋದ ಮೇಲೆ ಖಾಲಿ ಎರಿಯನ್ನು ಇಳಿಸಿ, ಗೋಡೆಗೆ ಅಂಟಿದ ಮೇಣವನ್ನು ಕೆರೆದು ತೊಳೆದು, ಕಮಾನಿಗೆ ಬಲೆ ಹಾಕಿಸಿದರೆ ಮುಂದಿನ ವರ್ಷ ಅವು ಬೇರೆ ಜಾಗ ನೋಡಿಕೊಳ್ಳುತ್ತವೆ. ಆ ಬಲೆಯ ಖರ್ಚು ನನ್ನದು. ಈಗಲೇ ತೆಗೆಸಲೇಬೇಕು ಅನ್ನುವ ಜಾಗವೂ ಇರುತ್ತದೆ, ಆಸ್ಪತ್ರೆಯ ಬಾಗಿಲ ಮೇಲೆ, ಲಿಫ್ಟಿನ ಪಕ್ಕ. ಅಂಥವರು ಕೊಲ್ಲದೆ ಕಳಿಸಲು ಬಲ್ಲವರನ್ನೇ ಹುಡುಕಬೇಕು, ಅಕ್ಕಪಕ್ಕದವರಿಗೆ ಮುಂಚೆಯೇ ಹೇಳಿ ಕಿಟಕಿ ಹಾಕಿಸಿ ಲೈಟ್ ಆರಿಸಬೇಕು. ಯಾರನ್ನು ಕೇಳಬೇಕು ಅಂತ ಗೊತ್ತಾಗದಿದ್ದರೆ ನಮ್ಮ ಊರಲ್ಲೇ ಜಿ.ಕೆ.ವಿ.ಕೆ. ಇದೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನು ಸಾಕಣೆಗೇ ಒಂದು ವಿಭಾಗ ಇದೆ.

ಸಭೆಗೆ ಒಂದು ಖರ್ಚು ಹೇಳುತ್ತೇನೆ, ಅದನ್ನು ಮಾತ್ರ ತಳ್ಳಿಹಾಕಬೇಡಿ. ಅಕ್ಕನ ಡಬ್ಬಿಯಂಥದ್ದು ಇನ್ನೊಂದು, ಪಾರ್ಸನೇಜ್‌ನಲ್ಲಿ, ಅಯ್ಯನವರ ಮನೆಯಲ್ಲಿ ಇರಲಿ. ಅದನ್ನು ಬಳಸುವವರು ಡಾಕ್ಟರ್ ಅಥವಾ ನರ್ಸ್ ಆಗಿರಬೇಕು. ನಮ್ಮ ಸಭೆಯಲ್ಲಿ ಅವರಿಗೇನು ಕಡಿಮೆ? ಭಾನುವಾರ ಕೂತವರಲ್ಲಿ ಕಲ್ಲೆಸೆದರೆ ಒಬ್ಬ ನರ್ಸ್‌ಗೆ ತಗಲುತ್ತದೆ. ಅಲರ್ಜಿಯಲ್ಲಿ ಉಸಿರು ಕಟ್ಟುತ್ತಿರುವಾಗ ಸೆಟ್ರಿಜಿನ್ ಮಾತ್ರೆ ಕೊಟ್ಟು ಕಾಯುತ್ತಾ ಕೂರಬಾರದು ಅಂತ ಅಕ್ಕ ಹತ್ತು ಸಲ ಹೇಳಿದರು. ಡಬ್ಬಿ ಇರಲಿ ಇಲ್ಲದಿರಲಿ, ಕೂಡಲೇ 108. ಇನ್ನೊಂದು, ಕೊಂಡಿಯನ್ನು ಉಗುರಲ್ಲಿ ಕೆರೆಯಬೇಕೋ ಕಾರ್ಡಿನಲ್ಲಿ ಕೆರೆಯಬೇಕೋ ಅಂತ ಯೋಚಿಸುತ್ತಾ ನಿಲ್ಲಬಾರದು. ಕೊಂಡಿಯ ಜೊತೆ ವಿಷದ ಚೀಲವೂ ಮೈಗೇ ಉಳಿದು ಒತ್ತುತ್ತಿರುತ್ತದೆ. ಹೇಗಾದರೂ ಸರಿ, ಬೇಗ ಕಿತ್ತುಹಾಕಬೇಕು. ಆದರೆ ಮೊದಲು ಓಡಿ ಒಂದು ಕೋಣೆಯೊಳಗೋ ಗಾಡಿಯೊಳಗೋ ಸೇರಿ, ಆಮೇಲೆ. ಸಿನಿಮಾದಲ್ಲಿ ತೋರಿಸುವ ಹಾಗೆ ನೀರಿಗೆ ಹಾರಬೇಡಿ, ತಲೆ ಎತ್ತುವವರೆಗೆ ಮೇಲೇ ಸುತ್ತುತ್ತಿರುತ್ತವೆ.

ಬೆಟ್ಟ ಹತ್ತುವ ಯುವಜನ ಕೂಟದವರಿಗೂ ಒಂದು ಮಾತು. ನೆರಳು ಸಿಕ್ಕಿತು ಅಂತ ಕೂರುವ ಮುಂಚೆ ತ‌ಲೆ ಎತ್ತಿ ನೋಡಿ. ಕಪ್ಪಗೆ ಏನಾದರೂ ನೇತಾಡುತ್ತಿದ್ದರೆ ಸದ್ದಿಲ್ಲದೆ ಬೇರೆ ನೆರಳು ಹುಡುಕಿ. ಸ್ಪೀಕರ್, ಘಮ್ಮೆನ್ನುವ ಸೆಂಟ್, ಡ್ರೋನ್ ಎಲ್ಲ ಮನೆಯಲ್ಲಿರಲಿ. ಟೀ ಫ್ಲಾಸ್ಕಿನಲ್ಲೇ ಚೆನ್ನಾಗಿರುತ್ತದೆ.

ಕಂಬಳಿಯ ವಿಷಯ ಹೇಳಿ ಮುಗಿಸುತ್ತೇನೆ. ಆ ದಿನದ ಗಡಿಬಿಡಿಯಲ್ಲಿ ಯಜಮಾನರ ಕಂಬಳಿ ಮಕ್ಕಳ ಜೊತೆ ಟಿ.ಟಿ. ಹತ್ತಿ ಬೆಂಗಳೂರಿಗೆ ಬಂದುಬಿಟ್ಟಿತ್ತು. ನನ್ನ ಹೆಂಡತಿ ಅದನ್ನು ಟೆರೇಸ್ ಮೇಲೆ ಹರಡಿಕೊಂಡು ಚಿಮಟದಿಂದ ಕೊಂಡಿ ಕೀಳಲು ಕೂತಳು. ನೂರಾದ ಮೇಲೆ ಎಣಿಸುವುದು ಬಿಟ್ಟಳು. ಒಂದೊಂದು ಕೊಂಡಿಯೂ ಒಂದೊಂದು ಸತ್ತ ಹುಳ. ಕುಟುಕಿದ ಜೇನು ಬದುಕುವುದಿಲ್ಲ. ಮಕ್ಕಳ ಮೈಗೆ ಇಳಿಯಬೇಕಾದದ್ದು ಕರಿ ಉಣ್ಣೆಯಲ್ಲಿ ಸಿಕ್ಕಿಕೊಂಡಿತ್ತು.

ಮೂರು ವಾರ ಬಿಟ್ಟು ಆ ಕಂಬಳಿಯನ್ನು ಒಗೆದು ಮಡಿಚಿ, ಜೊತೆಗೆ ಚಿಕ್ಕಪೇಟೆಯಲ್ಲಿ ಒಂದು ಹೊಸದನ್ನೂ ಕೊಂಡು ಹೋದೆ. ಯಜಮಾನರು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಅವರಿಗೂ ಮೂವತ್ತು ಕಡೆ ಕುಟುಕಿತ್ತಂತೆ. ಹಳೇ ಕಂಬಳಿ ಎತ್ತಿ ಮೂಸಿ ಮುಖ ಸಿಂಡರಿಸಿದರು. "ಒಗ್ದ್‌ಬುಟ್ರಾ? ಈ ಸೋಪಿನ್ ವಾಸ್ನೆ ಹೋಗೋಗಂಟ ಕುರಿ ನನ್ನ್ ಹತ್ರ ಬರಾಕಿಲ್ಲ." ಬೆಂಕಿ ಹಾಕಿದವನು ನಾನೇ ಅಂತ ಹೇಳಿದೆ. "ಗೊತ್ತು ಬುಡಿ, ಪಾತ್ರೆ ಹಿಡ್ಕಂಡು ಓಡ್ತಿದ್ದೋರು ನೀವೇ ಅಲ್ವಾ" ಅಂದರು. ನಾನು ಆ ಪಾತ್ರೆ ಹಿಡಿದುಕೊಂಡು ಓಡಿದ್ದೆ ಅನ್ನೋದು ನನಗೇ ನೆನಪಿರಲಿಲ್ಲ. ಆ ಜೇನನ್ನು ಏನು ಮಾಡಿದಿರಿ, ಸುಟ್ಟಿರಾ ಅಂತ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಅವ್ಯಾಕೆ ಸುಡಾಣ? ಅವು ಅಲ್ಲಿ ಇದ್ದೇ ಇರ್ತವೆ" ಅಂದರು. ದೂರದಿಂದ ತೋರಿಸಿದರು. ಏಳರಲ್ಲಿ ಐದು ಅಲ್ಲೇ ಇದ್ದವು.

ಹೊರಡುವಾಗ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದು ಕೈಗಿಟ್ಟರು. ಮರುದಿನ ಕುರಿ ಹೊಡೆದುಕೊಂಡು ಹೋದಾಗ ಬಂಡೆ ಮೇಲೆ ಸಿಕ್ಕಿದ್ದಂತೆ.

ಖಜಾಂಚಿ ಅಂಕಲ್, ಕೊಟೇಶನ್‌ಗೆ ಚೆಕ್ ಬರೆಯಬೇಕಾದವರು ನೀವು. ನಿಮ್ಮಷ್ಟು ಹೆದರಲು ಹಕ್ಕಿರುವವರು ನಮ್ಮಲ್ಲಿ ಯಾರೂ ಇಲ್ಲ, ಅದು ನನಗೆ ಗೊತ್ತು. ಭಾನುವಾರ ಎರಡನೇ ಆರಾಧನೆ ಆದ ಮೇಲೆ ಸಮಿತಿ ಕೂಡುತ್ತದೆ ಅಂತ ಬೋರ್ಡಿನಲ್ಲಿದೆ. ಕರೆಯದಿದ್ದರೂ ಬರುತ್ತೇನೆ. ಚೆಕ್ ಅಲ್ಲಿಯವರೆಗೆ ಬರೆಯಬೇಡಿ. ನಿಮ್ಮ ಚಪ್ಪಲಿ ತರುತ್ತೇನೆ.

ಇಂತಿ,
ನಿಮ್ಮ ಸಭೆಯ ಒಬ್ಬ ಸದಸ್ಯ,
ಮಾಗಡಿ ರಸ್ತೆ, ಬೆಂಗಳೂರು